ಹುಚ್ಚಕ್ಕನ ರೇಷನ್ ಕಾರ್ಡೂ ಫ್ರಾನ್ಸಿನ ರಾಜನೂ

ಹೊನ್ನವಳ್ಳಿಯ ಹುಚ್ಚಕ್ಕ ಕೊಬ್ಬರಿ ಒಡೆಯುವುದನ್ನು ನೀವು ಒಮ್ಮೆ ನೋಡಲೇಬೇಕು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಕುಲುಕುತ್ತಾಳೆ, ಕತ್ತಿಯ ಬೆನ್ನಿಂದ ಮೂರೇ ಏಟು, ಚಿಪ್ಪು ಬೇರೆ, ಉಂಡೆ ಬೇರೆ, ಉಂಡೆಯ ಮೇಲೆ ಒಂದು ಗೀರೂ ಇಲ್ಲ. ಮೂವತ್ತೆರಡು ವರ್ಷದಿಂದ ಇದೇ ಕೆಲಸ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಈ ಕತ್ತಿಯಲ್ಲೇ ಸಾಕಿ ಮದುವೆ ಮಾಡಿದ್ದಾಳೆ.

ಫ್ರಾನ್ಸಿನ ಜನ ತಮ್ಮ ರಾಜನ ಮೇಲೆ ಯಾಕೆ ತಿರುಗಿಬಿದ್ದರು ಎಂಬ ಪಾಠ ಮುಗಿಸಿದ ಜ್ಞಾನೇಶ್ ಸರ್, ಅದೇ ಪ್ರಶ್ನೆಯನ್ನು ದುಡಿಯುವವರೊಬ್ಬರಿಗೆ ಕೇಳಿ ಕಾಲೇಜ್ ಮ್ಯಾಗಜೀನ್‌ಗೆ ಬರೆಯಿರಿ, ಕನ್ನಡದಲ್ಲೇ, ಅಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಮಧ್ಯಾಹ್ನದ ಊಟವನ್ನೂ ಮಾಡದೆ ಸ್ಕೂಟಿ ಹತ್ತಿ, ಕ್ಲಿಪ್‌ಬೋರ್ಡ್ ಹಿಡಿದು, ನೇರ ಹುಚ್ಚಕ್ಕನ ಮುಂದೆ ಹೋಗಿ ಕೂತೆ. ಆ ಕ್ಲಿಪ್‌ಬೋರ್ಡ್ ತಂದಿದ್ದೇ ತಪ್ಪಾಯಿತು.

ಫ್ರಾನ್ಸಿನಲ್ಲಿ ರೊಟ್ಟಿಯ ಬೆಲೆ ಏರಿದ್ದು ದೊಡ್ಡ ಕಾರಣವಲ್ಲವೇ, ಅಲ್ಲಿಂದಲೇ ಶುರು ಮಾಡಿದೆ.

"ಮನೇಲಿ ತಿಂಗಳಿಗೆ ಎಷ್ಟು ಅಕ್ಕಿ ಬೇಕಾಗುತ್ತೆ ಅಕ್ಕ?"

ಕತ್ತಿ ನಿಂತಿತು. "ಯಾವ ಆಫೀಸಿಂದ ಬಂದೆ ಕಣವ್ವ?"

"ಆಫೀಸಲ್ಲ ಅಕ್ಕ, ಕಾಲೇಜು. ತಿಪಟೂರು."

"ಹೋದ ತಿಂಗ್ಳು ಬಂದೋನೂ ಹಿಂಗೇ ಹಲಗೆ ಹಿಡ್ಕಂಡು ನಕ್ಕಂಡು ಕೇಳ್ದ. ಪಕ್ಕದ ಗಿರಿಜಾಂಬಿಕನ ಮನೇಲಿ ಫ್ರಿಜ್ ನೋಡ್ಕಂಡು ಹೋದ, ಅವ್ಳ ರೇಷನ್ ಕಾರ್ಡು ಹೋಯ್ತು. ಆ ಫ್ರಿಜ್ ಕೆಟ್ಟು ಯಾವ ಕಾಲಾಯ್ತೋ. ಬಟ್ಟೆ ಇಡ್ತಿದ್ಲು ಅದ್ರಾಗೆ."

ನಾನು ಉಸಿರು ಬಿಡದೆ ಕಥೆ ಹೇಳಿದೆ. ದೊಡ್ಡವರು ತೆರಿಗೆಯನ್ನೇ ಕಟ್ಟುತ್ತಿರಲಿಲ್ಲ, ಉಳುವವನು ಮಾತ್ರ ರಾಜನಿಗೂ ಕೊಡಬೇಕು, ಚರ್ಚಿಗೂ ಕೊಡಬೇಕು, ಭೂಮಿಯ ಒಡೆಯನಿಗೂ ಕೊಡಬೇಕು, ಅಷ್ಟರಲ್ಲಿ ಬೆಳೆ ಕೆಟ್ಟಿತು, ರೊಟ್ಟಿ ಕೈಗೆ ಸಿಗದಾಯಿತು, ಜನ ಎದ್ದರು, ಕೊನೆಗೆ ರಾಜನ ತಲೆಯನ್ನೇ ತೆಗೆದರು.

ಹುಚ್ಚಕ್ಕ ನನ್ನ ಹಾಳೆಯನ್ನೇ ನೋಡುತ್ತಿದ್ದಳು. "ಅಲ್ಲಿ ಹೆಸ್ರು ಬರ್ಕಳಕೆ ಯಾರು ಬಂದಿದ್ರು?"

"ಯಾರೂ ಇಲ್ಲ ಅಕ್ಕ. ಅಷ್ಟು ವರ್ಷ ಸುಮ್ಮನಿದ್ದ ಜನ ಒಂದೇ ಸಲ ಯಾಕೆ ಎದ್ದರು, ನಿಮಗೇನನ್ನಿಸುತ್ತೆ?"

ಅವಳು ಸುತ್ತ ಒಮ್ಮೆ ನೋಡಿ, ರಾಶಿಯಿಂದ ಎರಡು ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಕುಲುಕಿದಳು. ಒಂದರಲ್ಲಿ ನೀರು ತುಳುಕಿತು. ಇನ್ನೊಂದು ಗಡಗಡ ಅಂದಿತು.

"ನೀರಿರೋಗಂಟ ಕೊಬ್ರಿ ಚಿಪ್ಪಿಗೆ ಅಂಟ್ಕಂಡಿರ್ತದೆ. ಪೂರಾ ಬತ್ತಿದ್ಮೇಲೆ ಬುಟ್ಕಂತದೆ. ಆಮೇಲೆ ಯಾರು ಮುಟ್ಟಿದ್ರೂ ಸದ್ದೇಯ."

ಜ್ಞಾನೇಶ್ ಸರ್ ಎರಡು ಪೀರಿಯಡ್ ತೆಗೆದುಕೊಂಡಿದ್ದನ್ನು ಇವಳು ಎರಡು ಕಾಯಲ್ಲಿ ಮುಗಿಸಿದ್ದಳು. ನಾನು ಪೆನ್ನು ತೆಗೆದೆ. ಹುಚ್ಚಕ್ಕ ಹಾಳೆಯ ಮೇಲೆ ಕೈಯಿಟ್ಟಳು.

"ನಾನು ಹೇಳಿದ್ದು ಕಾಯಿ ವಿಷ್ಯ. ರಾಜನ ವಿಷ್ಯ ನಾನೇನೂ ಅಂದಿಲ್ಲ."

"ಹೆಸರಿಲ್ಲದಿದ್ದರೆ ಸರ್ ತಗೊಳ್ಳಲ್ಲ ಅಕ್ಕ."

ಅವಳು ಇನ್ನೆರಡು ಕಾಯಿ ಒಡೆದಳು.

"ಹಂಗಾದ್ರೆ ನಮ್ಮತ್ತೆ ಹೆಸ್ರು ಹಾಕು. ಹುಚ್ಚಕ್ಕ. ಸತ್ತು ಹನ್ನೊಂದು ವರ್ಷಾಯ್ತು, ಅವ್ಳ ಕಾರ್ಡು ಯಾರು ಕಿತ್ಕತಾರೋ ಕಿತ್ಕಳ್ಳಿ. ಊರು ಹೊನ್ನವಳ್ಳಿ ಅಂತ ಬರಿ. ದೊಡ್ಡೂರು, ಹುಡುಕ್ತಾ ಇರ್ಲಿ."