ಕಾರಿನಡಿಯ ಬರೀ ನೀರು

ಕಾರುಗಳ ಎ.ಸಿ. ರಿಪೇರಿ ಮಾಡುವ ಐಸಣ್ಣನ ಶೆಡ್ಡಿಗೆ ತಗಡಿನ ಸೂರು. ಊರಿಗೆಲ್ಲ ತಂಪು ಹಂಚುವ ಮಹಾರಾಯ ತಾನು ಮಾತ್ರ ಬೆವರಿನಲ್ಲಿ ತೊಯ್ದು ತೊಪ್ಪೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವನ ಮಾತುಕತೆಯೆಲ್ಲ ಎಂಜಿನ್ನಿನ ಜೊತೆಗೇ. ಅದು ತಿರುಗಿ ಏನೂ ಕೇಳುವುದಿಲ್ಲ ನೋಡಿ.

ಆ ಸೆಕೆಗಾಲದಲ್ಲಿ ರಿಟೈರಾದ ನರ್ಸಮ್ಮ ಒಬ್ಬರು ಹಳೇ ಕಾರು ತಂದರು. "ಅಡಿಯಿಂದ ನೀರು ತೊಟ್ಟಿಕ್ತಾ ಇದೆ. ದಾರೀಲಿ ಕೈಕೊಟ್ರೆ ಏನ್ ಗತಿ?"

ಐಸಣ್ಣ ಎ.ಸಿ. ಹಾಕಿ, ಕಾರಿನಡಿ ಬಿಳಿ ಕಾಗದ ಹಾಸಿದ. ಅದು ಅವನ ಪದ್ಧತಿ. ಕಾಗದಕ್ಕೆ ಬಣ್ಣವೋ ಜಿಡ್ಡೋ ಅಂಟಿದರೆ ತೊಂದರೆ. ಬರೀ ನೀರಾದರೆ ಚಿಂತೆಯಿಲ್ಲ. ಮೈಯೆಲ್ಲ ಅಂಟಂಟಾಗುವ ಇಂಥ ಹವೆಯಲ್ಲಿ ಎ.ಸಿ. ಗಾಳಿಯ ತೇವವನ್ನೂ ಹಿಂಡಿ ಹೊರಹಾಕಬೇಕು, ತೊಟ್ಟಿಕ್ಕಿದರೇ ಆರೋಗ್ಯ. ಬಿದ್ದದ್ದು ಬರೀ ನೀರು. ಹಾಗೆಂದು ಹೇಳಲು ತಲೆಯೆತ್ತಿದರೆ, ಸ್ಟೂಲಿನ ಮೇಲೆ ಕೂತಿದ್ದ ನರ್ಸಮ್ಮ ಅವನ ಕೈಯ ಸುಟ್ಟ ಗಾಯ ನೋಡುತ್ತಿದ್ದರು. "ಇದಕ್ಕೇನಾದ್ರೂ ಹಚ್ಚಿದ್ರಾ?"

ನಾಲ್ಕು ವರ್ಷದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಐಸಣ್ಣನ ನಾಲಿಗೆ ಹೊರಳಿತು. "ಸದ್ಯಕ್ಕೆ ದೂರ ಓಡಿಸ್ಬೇಡಿ ಮೇಡಂ. ಮುಂದಿನ ಗುರುವಾರ ಬನ್ನಿ, ನೋಡೋಣ."

ಹೀಗೆ ಏಳು ಗುರುವಾರ ಬಂದರು, ಕೂತರು, ಗಾಯ ಮಾಯುವವರೆಗೂ ವಿಚಾರಿಸಿದರು. ಐಸಣ್ಣ ಬಿಡಿಗಾಸು ಮುಟ್ಟಲಿಲ್ಲ ಎನ್ನಿ. ಆದರೂ ಸುಳ್ಳು ಸುಳ್ಳೇ.

ಎಂಟನೆಯ ಗುರುವಾರ ಅವರ ಮುಖ ಬಾಡಿತ್ತು. "ನಮ್ಮಕ್ಕನಿಗೆ ಕಣ್ಣು ಮಂಜಾಗ್ತಾ ಬಂತು. ನಿನ್ ಮುಖ ಕಾಣೋವಾಗ್ಲೇ ಬಂದ್ಹೋಗೇ ಅಂತಿದ್ದಾಳೆ. ಬಸ್ಸಲ್ಲಿ ಕೂರೋಕೆ ನನ್ ಸೊಂಟ ಬಿಡಲ್ಲ. ಈ ಕಾರು ಸರಿಹೋಗೋದು ಯಾವಾಗ?"

ಐಸಣ್ಣ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ನಿಜ ಹೇಳಿದರೆ ಅವನ ಗುರುವಾರಗಳು ಮುಗಿದವು. ಹೇಳದಿದ್ದರೆ ಆ ಅಕ್ಕನ ಕಣ್ಣು.

"ಕಾರಿಗೆ ಏನೂ ಆಗಿಲ್ಲ ಮೇಡಂ. ಮೊದಲ ದಿನವೇ ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀವು ಬಂದು ಕೂರ್ತಿದ್ರಲ್ಲ, ಅದಕ್ಕೆ."

ನರ್ಸಮ್ಮ ಕಾರು ಹತ್ತಿ ಗಾಜು ಏರಿಸಿಕೊಂಡು ಹೊರಟೇಹೋದರು. ನಾಲ್ಕು ಮಾತು ಬೈದಿದ್ದರೂ ವಾಸಿಯಿತ್ತು.

ಮುಂದಿನ ಗುರುವಾರ, ಅವರು ಬರುವುದಿಲ್ಲವೆಂದು ಗೊತ್ತಿದ್ದೂ ಐಸಣ್ಣ ಸ್ಟೂಲು ಒರೆಸಿಟ್ಟ. ಮಧ್ಯಾಹ್ನ ಫೋನು ಬಂತು.

"ಅಕ್ಕನ ಮನೇಲಿದ್ದೀನಿ. ಕಾರು ಚೆನ್ನಾಗೇ ಓಡ್ತು." ನರ್ಸಮ್ಮನ ದನಿ. "ಅಕ್ಕ ನನ್ ಮುಖಾನ ಕೈಯಲ್ಲಿ ತಡವಿ ನೋಡಿದ್ಲು. ಒಂದು ತಿಂಗಳು ಮುಂಚೆ ಬಂದಿದ್ರೆ ಕಣ್ಣಲ್ಲೇ ನೋಡ್ತಿದ್ಲು."

ಫೋನು ಕಟ್ಟಾಯಿತು. ಒರೆಸಿಟ್ಟ ಸ್ಟೂಲಿನ ಮೇಲೆ ಐಸಣ್ಣನೇ ಕೂತುಬಿಟ್ಟ.