ಕೊಳ್ಳದಲ್ಲಿ ಸಾಲಾಗಿ ನಿಂತ ಜಾಲಿ

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಶನಿವಾರ ಬೆಳಿಗ್ಗೆ ಏಳೂವರೆಗೆ ಇಳಕಲ್ ಬಸ್ ನಿಲ್ದಾಣಕ್ಕೆ ಬಂದಾಗ ನನ್ನ ಕೈಚೀಲದಲ್ಲಿ ಎರಡು ಸೀರೆ, ಮೊಣಕಾಲಿಗೆ ಹಚ್ಚುವ ಎಣ್ಣೆ, ಹತ್ತು ಬಿಳಿ ಹಾಳೆ ಮತ್ತು ಒಂದು ಒಳ್ಳೆಯ ಪೆನ್ನು ಇದ್ದವು. ಹಾಳೆ, ಪೆನ್ನು ತರಲು ಹೇಳಿದವನು ನಮ್ಮಣ್ಣ ಶಿವಾನಂದ. ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದವನು ಈಗ ನಿವೃತ್ತನಾಗಿ ಕುಳಗೇರಿ ಕ್ರಾಸಿನಲ್ಲಿ ಮನೆ ಮಾಡಿಕೊಂಡಿದ್ದಾನೆ. ನಿವೃತ್ತರಾದವರು ದೇವರು ದಿಂಡರು ಅಂತ ತಿರುಗುತ್ತಾರೆ. ಇವನು ಗುಡ್ಡ ಹಿಡಿದ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಹದಿನೈದಿಪ್ಪತ್ತು ಜನರ ಬಳಗ ಕಟ್ಟಿಕೊಂಡು, ಭಾನುವಾರ ಬಂತೆಂದರೆ ಗುಡ್ಡಕ್ಕೆ ಹೋಗುತ್ತಾನೆ. ಬೆಂಕಿ ಹರಡದಿರಲೆಂದು ಒಣಹುಲ್ಲು ಸವರುತ್ತಾರೆ, ಬಂಡೆಯ ಮೇಲೆ ಮಳೆನೀರು ನಿಲ್ಲುವ ದೊಣೆಗಳ ಕೆಸರು ತೆಗೆಯುತ್ತಾರೆ, ಬಳ್ಳಾರಿ ಜಾಲಿ ಕೀಳುತ್ತಾರೆ.

"ಶಾಂತವ್ವ, ಅರಣ್ಯ ಇಲಾಖೆಗೆ ಒಂದು ಅರ್ಜಿ ಬರಿಬೇಕಾಗೇತಿ. ನಿನ್ನ ಅಕ್ಷರ ಛಲೋ ಅದಾವ, ನೀನ ಬಾ" ಅಂತ ಫೋನು ಮಾಡಿದ್ದ. ಅರ್ಜಿಯ ವಿಷಯ ಇಷ್ಟು: ಗುಡ್ಡದ ಕೊಳ್ಳದ ತುಂಬ ಜಾಲಿ ಬೆಳೆದು ಹುಲ್ಲು ಸತ್ತಿದೆ, ದೊಣೆಯ ನೀರು ಬೇಸಿಗೆಗೆ ಮೊದಲೇ ಬತ್ತುತ್ತಿದೆ. ಜಾಲಿಕಾಯಿ ತಿಂದ ಕುರಿಗಳ ಹಿಕ್ಕೆಯಿಂದ ಬೀಜ ಹರಡಿದೆ. ಆದ್ದರಿಂದ ಗುಡ್ಡಕ್ಕೆ ಕುರಿ ಹೊಡೆಯುವುದನ್ನು ಪೂರ್ತಿ ನಿಲ್ಲಿಸಬೇಕು. ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಅಕ್ಷರ ತಿದ್ದಿದವಳು ನಾನು. ನನ್ನ ಅಕ್ಷರ ಹೊಗಳಿದರೆ ಎಲ್ಲಿಗೆ ಕರೆದರೂ ಹೋಗುತ್ತೇನೆ.

ಬಸ್ಸಿನಲ್ಲಿ ಅನ್ವರ್ ಜೊತೆಯಾದ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕದಲ್ಲಿ ದುಡಿಯುವ ಇವನು ಮೂರು ವರ್ಷದಿಂದ ಅಣ್ಣನ ಬಳಗದಲ್ಲಿದ್ದಾನೆ. ಗೋಣಿಚೀಲದಲ್ಲಿ ಸುತ್ತಿದ ನಾಲ್ಕು ಹಾರೆ ತಂದಿದ್ದ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ನನಗೆ ಸೊನ್ನೆ ಟಿಕೆಟ್ ಬಂತು. ಹಾರೆಗಳಿಗೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ.

"ಇವನ್ನ ಎದಕ್ಕ ಒಯ್ತೀರಿ?" ಅಂತ ಕೇಳಿದ.

"ಗಿಡಾ ಕೀಳಾಕ್ರಿ" ಅಂದ ಅನ್ವರ್.

"ಊರ ಮಂದಿಯೆಲ್ಲಾ ಗಿಡಾ ಹಚ್ಚತಾರ, ನೀವು ಕೀಳಾಕ ಹೊಂಟೀರೇನು?" ಅಂತ ಕಂಡಕ್ಟರ್ ನಗುತ್ತ ಮುಂದಕ್ಕೆ ಹೋದ.

ಹುನಗುಂದ ದಾಟುವವರೆಗೆ ಕಿಟಕಿಯಲ್ಲಿ ತಂಪು ಗಾಳಿ ಇತ್ತು. ನೀನು ಯಾಕಪ್ಪ ಇಷ್ಟು ದೂರ ಬರುತ್ತೀ ಅಂತ ಅನ್ವರನನ್ನು ಕೇಳಿದೆ. "ವಾರದಾಗ ಆರು ದಿನ ಗುಡ್ಡ ಕೊಯ್ದ ಕಲ್ಲ ಉಜ್ಜತೇನ್ರಿ ಟೀಚರ್. ಒಂದು ದಿನ ಒಂದು ಗುಡ್ಡ ಕಾಯ್ದ್ರ ತಪ್ಪೇನೈತ್ರಿ" ಅಂದ. ಅಮೀನಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಣ್ಣನ ಹೆಂಡತಿ ಗಿರಿಜಾ ವೈನಿಗೆ ಅಂತ ಅರ್ಧ ಕಿಲೋ ಕರದಂಟು ಕೊಂಡೆ, ದಾರಿಯಲ್ಲಿ ಎರಡು ತುಂಡು ನಾನೇ ತಿಂದೆ. ಬಾದಾಮಿಗೆ ಹೋಗುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿ ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿ ಬೇರೆ ಬಸ್ಸು ಹಿಡಿದು ಕುಳಗೇರಿ ಕ್ರಾಸಿಗೆ ಇಳಿದಾಗ ಮೂರು ಗಂಟೆ. ಅನ್ವರ್ ತನ್ನ ಗೆಳೆಯನ ಮನೆಗೆ ಹೋದ. ಅಣ್ಣ ಛತ್ರಿ ಹಿಡಿದು ನನಗಾಗಿ ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಸೊರಗಿದ್ದ.

ಸಂಜೆ ಕಟ್ಟೆಯ ಮೇಲೆ ಕುಳಿತು ಅರ್ಜಿಯ ಮಾತು ತೆಗೆದೆ.

"ಯಾರ ಕುರಿ ಹೋಗ್ತಾವ ಆ ಗುಡ್ಡಕ್ಕ?"

"ಮಾಳಪ್ಪಂದು. ತೊಂಬತ್ತು ಅದಾವ. ಉಳದವರು ಕುರಿ ಬಿಟ್ಟು ಭಾಳ ದಿನಾ ಆತು."

"ಹಂಗಾದ್ರ ಅವ ಎಲ್ಲಿ ಹೋಗಬೇಕು?"

"ಮರೋಳದ ಕಡೆ ಹೋಗ್ಲಿ. ಅಲ್ಲಿ ನೀರಾವರಿ ಹೊಲಾ ಅದಾವ, ಗೊಬ್ಬರಕ್ಕ ಕುರಿ ನಿಲ್ಲಿಸಾಕ ಮಂದಿ ಕರೀತಾರ." ಅಣ್ಣ ಇದನ್ನು ನೆಲ ನೋಡುತ್ತ ಹೇಳಿದ.

ರಾತ್ರಿ ಗಿರಿಜಾ ವೈನಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅಣ್ಣ ಅರ್ಧ ರೊಟ್ಟಿಗೇ ಎದ್ದ. "ವಾರದಿಂದ ಹಿಂಗ ನೋಡವಾ. ಈ ಅರ್ಜಿ ಮಾತು ಬಂದಾಗಿಂದ ಊಟಿಲ್ಲ, ನಿದ್ದಿಲ್ಲ" ಅಂದಳು ವೈನಿ. ಗುಡ್ಡದ ಚಿಂತೆ ಅಷ್ಟು ಹಚ್ಚಿಕೊಂಡಿದ್ದಾನೆ, ಎಂಥ ಮನುಷ್ಯ ನಮ್ಮಣ್ಣ ಅಂತ ನಾನು ಹೆಮ್ಮೆಯಿಂದ ಮಲಗಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಗೂಡ್ಸ್ ಟೆಂಪೋದಲ್ಲಿ ಹೊರಟೆವು. ಒಟ್ಟು ಹದಿನಾಲ್ಕು ಜನ. ತಲೆಗೆ ಮೂವತ್ತು ರೂಪಾಯಿ. ಟೆಂಪೋ ಇಳಿದು ಮುಕ್ಕಾಲು ಗಂಟೆ ಏರು. ಕೆಂಪು ಬಂಡೆ, ಅದರ ಸಂದಿಯಲ್ಲೆಲ್ಲ ಮೊಣಕಾಲುದ್ದದ ಒಣಹುಲ್ಲು. ಮೇಲೆ ನಿಂತು ನೋಡಿದರೆ ಎಷ್ಟು ದೂರಕ್ಕೂ ಮನೆಯಿಲ್ಲ, ಕಂಬವಿಲ್ಲ. ಎರಡು ನವಿಲು ನಮ್ಮನ್ನು ನೋಡಿ ಅವಸರವಿಲ್ಲದೆ ಪಕ್ಕಕ್ಕೆ ಸರಿದವು. ತೋಳವೂ ಇದೆಯಂತೆ, ಹೆಜ್ಜೆಯ ಗುರುತನ್ನು ಅನ್ವರ್ ಕೆಸರಿನಲ್ಲಿ ತೋರಿಸಿದ. ನನ್ನ ಮೊಣಕಾಲು ನೋಯುತ್ತಿದ್ದರೂ ಇಲ್ಲಿಗೆ ಇಷ್ಟು ವರ್ಷ ಬರಲಿಲ್ಲವಲ್ಲ ಅಂತ ಬೇಸರವಾಯಿತು.

ಜಾಲಿ ಇದ್ದದ್ದು ಎರಡು ದಿಬ್ಬಗಳ ನಡುವಿನ ಕೊಳ್ಳದಲ್ಲಿ. ಅದರ ಬಾಯಲ್ಲೇ ದೊಡ್ಡ ದೊಣೆ. ಅಲ್ಲಿ ಒಬ್ಬ ಮುದುಕ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಹಣೆಗೆ ಬೀರಪ್ಪನ ಭಂಡಾರದ ಅರಿಶಿನ, ಹೆಗಲಿಗೆ ಕಂಬಳಿ. ಅವನೇ ಮಾಳಪ್ಪ. ಇಪ್ಪತ್ತು ಕುರಿ ಇದ್ದವು. ಉಳಿದವು ಮೇಲೆಲ್ಲೋ ಮೇಯುತ್ತಿರಬೇಕು ಅಂದುಕೊಂಡೆ.

"ಶರಣ್ರಿ ತಾಯಿ. ಮಾಸ್ತರ ತಂಗೇನ್ರಿ? ಅರ್ಜಿ ಬರಿಯಾಕ ಬಂದೀರಂತ" ಅಂದ.

ಹೌದೆನ್ನಲು ನಾಚಿಕೆಯಾಯಿತು. ತಲೆಯಾಡಿಸಿದೆ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಬಳಗದವರು ಒಬ್ಬೊಬ್ಬರಾಗಿ ಅವನ ಪಕ್ಕದಲ್ಲೇ ಹಾದು ಹೋದರು, ಯಾರೂ ಮಾತಾಡಿಸಲಿಲ್ಲ.

ಜಾಲಿ ಕೀಳುವುದಕ್ಕೆ ಒಂದು ಕ್ರಮವಿದೆ. ಬರೀ ಕಡಿದರೆ ಒಂದು ಕಡೆ ಹತ್ತು ಚಿಗುರುತ್ತವೆ. ಮೊದಲು ಕೊಡಲಿಯಿಂದ ಕೊಂಬೆ ತೆಗೆದು, ಆಮೇಲೆ ಬುಡದ ಸುತ್ತ ಅಗೆದು, ಮಣ್ಣಿನ ಒಳಗೆ ಮೊಳದಾಳದಲ್ಲಿ ಇರುವ ಬೇರಿನ ಗಂಟನ್ನು ಹಾರೆ ಹಾಕಿ ಎಬ್ಬಿಸಬೇಕು. ಒಂದು ಗಿಡಕ್ಕೆ ಮೂವರು, ಒಂದು ತಾಸು. ಕಾಯಿ ಬಲಿಯುವ ಮೊದಲು ಕೊಳ್ಳ ಖಾಲಿಯಾಗಬೇಕು ಅನ್ನುವುದು ಲೆಕ್ಕ. ನನ್ನನ್ನು ಅಣ್ಣನ ಜೊತೆ ಬಿಟ್ಟು ಉಳಿದವರು ಕೊಳ್ಳದ ಮೇಲಿನ ತುದಿಗೆ ಹೋದರು. ನಾನು ಸೆರಗು ಸಿಗಿಸಿ ಮಣ್ಣು ಎಳೆಯುವ ಕೆಲಸಕ್ಕೆ ನಿಂತೆ.

ಎರಡನೆಯ ಗಿಡದ ಗಂಟು ಮೇಲೆದ್ದಾಗ ಅದರ ಬೇರುಗಳ ನಡುವೆ ಕಪ್ಪು ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿಕೊಂಡಿತ್ತು. ನರ್ಸರಿಯಲ್ಲಿ ಸಸಿ ಬೆಳೆಸುತ್ತಾರಲ್ಲ, ಆ ಚೀಲ. ಮೂರನೆಯದರ ಬುಡದಲ್ಲೂ ಒಂದು. ಬೆನ್ನು ನೆಟ್ಟಗೆ ಮಾಡಿ ನಿಂತು ಕೊಳ್ಳದುದ್ದಕ್ಕೂ ನೋಡಿದೆ. ಜಾಲಿಗಳು ಸಾಲಾಗಿ ನಿಂತಿದ್ದವು. ಪ್ರಾರ್ಥನೆಗೆ ಕೈ ಚಾಚಿ ಅಂತರ ಬಿಟ್ಟು ನಿಲ್ಲಿಸಿದ ಮಕ್ಕಳ ಹಾಗೆ, ಆರಾರು ಅಡಿಗೆ ಒಂದೊಂದು.

"ಅಣ್ಣಾ, ಕುರಿ ಹಿಂಗ ಸಾಲ ಹಿಡದು ಹಿಕ್ಕಿ ಹಾಕ್ತಾವೇನು?" ಅಂದೆ.

ಅವನು ಹಾರೆಯನ್ನು ನೆಲಕ್ಕಿಟ್ಟು ಅಗೆದ ಮಣ್ಣಿನ ಮೇಲೇ ಕುಳಿತುಬಿಟ್ಟ. ಹನ್ನೆರಡು ವರ್ಷದ ಹಿಂದೆ, ಇನ್ನೂ ನೌಕರಿಯಲ್ಲಿದ್ದಾಗ, ಶಾಲೆಯ ಮಕ್ಕಳನ್ನು ಕರೆತಂದು ಈ ಕೊಳ್ಳದಲ್ಲಿ ಬೇವು, ಹೊಂಗೆ ನೆಡಿಸಿದ್ದನಂತೆ. ಗುಂಡಿಗಳಿಗೆ ಗೊಬ್ಬರ ಬೇಕಾಗಿತ್ತು. ಮಾಳಪ್ಪನ ಹತ್ತಿರ ಎರಡು ಟ್ರ್ಯಾಕ್ಟರ್ ಕುರಿಗೊಬ್ಬರ ಕೊಂಡ. ಆಗ ಮಾಳಪ್ಪ ಒಂದು ಮಾತು ಹೇಳಿದ್ದ: ಬೇಸಿಗೆಯಲ್ಲಿ ಕುರಿ ಊರ ಹತ್ತಿರದ ಜಾಲಿಕಾಯಿ ತಿಂದಿವೆ, ಹಿಕ್ಕೆಯಲ್ಲಿ ಬೀಜ ಜೀವಂತ ಇದೆ, ಒಂದು ವರ್ಷ ತಿಪ್ಪೆಯಲ್ಲಿ ನೀರು ಹೊಡೆದು ತಿರುವಿ ಕೊಳೆಸಿ, ಆಮೇಲೆ ಗುಡ್ಡಕ್ಕೆ ಒಯ್ಯಿರಿ.

"ಒಂದು ವರ್ಷ ಅಂದ್ರ ಸಸಿ ಒಣಗಿ ಹೋಗತಿದ್ವು ಶಾಂತವ್ವ. ಸಸಿ ತಂದ ಲಾರಿ ಬಂದು ನಿಂತಿತ್ತು. ಅವಗೇನು ಗೊತ್ತು ಅಂತ ಹಾಕಿಬಿಟ್ಟೆ. ಸಸಿ ಎರಡನೇ ಬ್ಯಾಸಿಗಿಗೆ ಸತ್ತೂ ಹ್ವಾದ್ವು. ಜಾಲಿ ಎದ್ದು ಕುಂತು. ರಸ್ತೆದಿಂದ ಹಸರ ಕಾಣತಿತ್ತು. ಮಾಸ್ತರ ಗುಡ್ಡ ಹಸರ ಮಾಡ್ಯಾರಂತ ಮಂದಿ ಶಾಲು ಹೊಚ್ಚಿದ್ರು. ನಾ ಬ್ಯಾಡ ಅನ್ನಲಿಲ್ಲ."

"ಇದು ಯಾರ್ಯಾರಿಗೆ ಗೊತ್ತೈತಿ?"

"ಮಾಳಪ್ಪಗ ಗೊತ್ತೈತಿ. ಈಗ ನಿನಗ."

ನನಗೆ ಸಿಟ್ಟು ನೆತ್ತಿಗೇರಿತು. ಚಿಕ್ಕಂದಿನಿಂದ ಇವನ ಮುಂದೆ ದನಿ ಎತ್ತಿದವಳಲ್ಲ. "ಹಿಂಗಿದ್ದೂ ಅವನ ಮ್ಯಾಲ ಅರ್ಜಿ ಬರಸ್ತೀಯೇನು? ಅದೂ ನನ್ನ ಕೈಲೆ?"

"ಅರ್ಜಿ ಮಾತು ಎತ್ತಿದಾಂವ ನಾ ಅಲ್ಲ, ನಮ್ಮ ಬಳಗದ ಪ್ರಭು. ಎಲ್ಲಾರೂ ಹೂಂ ಅಂದ್ರು, ನಾನೂ ಹೂಂ ಅಂದೆ. ನಾನ ಬರಿಯಾಕ ಕುಂತ್ರ ಕೈ ಏಳವಲ್ದು" ಅಂದ. ಅವನ ಕಣ್ಣು ತುಂಬಿದ್ದವು. ಕನಿಕರ ಬಂತು, ಆದರೆ ಸಿಟ್ಟು ಇಳಿಯಲಿಲ್ಲ.

ಹನ್ನೆರಡೂವರೆಗೆ ಎಲ್ಲರೂ ಬಸರಿ ಮರದ ಕೆಳಗೆ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಮೊಸರು, ಹಸಿ ಉಳ್ಳಾಗಡ್ಡಿ. ಬಾದಾಮಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಪ್ರಭು ಊಟ ಮುಗಿಸಿ ಕೈ ಒರೆಸಿಕೊಂಡು, "ಟೀಚರ್, ಬರೀರಿ. ನಾಳೆ ಆಫೀಸಿಗೆ ನಾನ ಕೊಟ್ಟು ಬರ್ತೇನಿ" ಅಂದರು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ನಾ ಉಕ್ತಲೇಖನ ಬರಿಯಾಕಿ" ಅಂದೆ. "ನಮ್ಮಣ್ಣ ಹೇಳ್ಲಿ. ಅವ ಏನು ಹೇಳ್ತಾನ, ಅದನ್ನ ಒಂದಕ್ಷರ ಬಿಡದಂಗ ಬರೀತೇನಿ."

ಅಣ್ಣ ಎದ್ದು ನಿಂತ. ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿಕೊಂಡ. ಹಳೆಯ ಮಾತನ್ನೇ ಹೇಳಿದರೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ.

"ಬರಿ" ಅಂದ. "ಈ ಕೊಳ್ಳಕ್ಕೆ ಜಾಲಿ ತಂದವನು ನಾನು."

ನಾನು ಬರೆದೆ. ಪ್ರಭು, "ಸರ್, ಏನ್ ಮಾತಾಡಾಕತ್ತೀರಿ?" ಅಂದರು. ಅಣ್ಣ ಗುಂಡಿ, ಗೊಬ್ಬರ, ಮಾಳಪ್ಪನ ಮಾತು, ಶಾಲು ಎಲ್ಲವನ್ನೂ ಹೇಳಿದ. ನಡುವೆ ಎಲ್ಲೂ ನಿಲ್ಲಲಿಲ್ಲ. ಕೇಳಿದವರ ಮುಖ ನೋಡಲಾಗದೆ ನಾನು ಹಾಳೆಯನ್ನೇ ನೋಡುತ್ತಿದ್ದೆ.

"ಹಂಗಂದ್ರೂ ಹಿಕ್ಕಿ ಅವನ ಕುರಿದ ಅಲ್ಲೇನ್ರಿ?" ಅಂತ ಪ್ರಭು ಕೇಳಿದರು.

"ಹಿಕ್ಕಿ ಅವಂದು, ಅವಸರ ನಂದು" ಅಂದ ಅಣ್ಣ.

ಒಬ್ಬರು ತಮ್ಮ ಬುತ್ತಿ ಗಂಟು ಕಟ್ಟಿಕೊಂಡು ಇಳಿದು ಹೋದರು. ಅನ್ವರ್ ಮಾತ್ರ ಮಾತಾಡಿದ. "ಮೂರು ವರ್ಷ ಆತ್ರಿ ಸರ. ಆ ಮನಷ್ಯಾನ್ನ ನಾವು ಯಾರೂ ಮಾತಾಡಿಸಿಲ್ಲ." ಪ್ರಭು, ಅರ್ಜಿ ಬೇಡ, ಮೊದಲು ಆತನಿಗೆ ಹೋಗಿ ಹೇಳಿ ಬನ್ನಿ ಅಂದರು. ಅವರ ಮೇಲೆ ನನಗೆ ಗೌರವ ಬಂತು.

ಅಣ್ಣನೂ ನಾನೂ ದೊಣೆಯ ಹತ್ತಿರ ಇಳಿದೆವು. ಮಾಳಪ್ಪ ಬಂಡೆಯ ನೆರಳಿನಲ್ಲಿ ಕೂತಿದ್ದವನು ಎದ್ದು ನಿಂತ. ಎಲ್ಲರ ಮುಂದೆ ಒಪ್ಪಿಕೊಂಡೆ, ಅರ್ಜಿ ಹೋಗುವುದಿಲ್ಲ, ಗುಡ್ಡಕ್ಕೆ ಮೊದಲಿನ ಹಾಗೆ ಕುರಿ ಹೊಡೆದುಕೊಂಡು ಬಾ ಅಂತ ಅಣ್ಣ ಹೇಳಿದ. ತಪ್ಪಾಯಿತು ಅಂತಲೂ ಹೇಳಿದ.

"ಛಲೋ ಆತ್ರಿ" ಅಂದ ಮಾಳಪ್ಪ. "ಆದ್ರ ಈಗ ಇರೋವು ಇವ ಇಪ್ಪತ್ತರಿ. ಎಪ್ಪತ್ತು ನಿನ್ನಿ ಶನಿವಾರ ಅಮೀನಗಡ ಸಂತ್ಯಾಗ ಮಾರಿದ್ನಿ. ಗುಡ್ಡ ಬಂದ್ ಮಾಡ್ತಾರಂತ ಊರ ತುಂಬ ಸುದ್ದಿ ಇತ್ತು. ಬ್ಯಾಸಿಗಿ ಮುಂದಿಟಗೊಂಡು ಎಲ್ಲಿ ಹೊಡಕೊಂಡು ತಿರಗ್ಲಿರಿ?"

ಅಣ್ಣ ಆ ಇಪ್ಪತ್ತು ಕುರಿಗಳ ಕಡೆ ತಿರುಗಿ ನೋಡಿದ.

"ಗೊಬ್ಬರದ ಮಾತು ನೀನ ಎಲ್ಲಾರಿಗೂ ಹೇಳಬೇಕಿತ್ತಲ್ಲೋ ಯಪ್ಪಾ" ಅಂತ ನಾನು ಕೇಳಿದೆ.

"ಯಾರಿಗೆ ಹೇಳಲಿ ತಾಯಿ? ಮಾಸ್ತರ ಮಾತು ಬಿಟ್ಟು ನನ್ನ ಮಾತು ಯಾರು ಕೇಳತಿದ್ರು? ಒಂದ ವಾರ ಮೊದಲ ಇವರ ಹೇಳಿದ್ರ ಭಾಳ ಛಲೋ ಆಗತಿತ್ತು." ಬಯ್ದು ಹೇಳಿದ್ದರೆ ನಾವು ತಡೆದುಕೊಳ್ಳಬಹುದಿತ್ತು. ಅವನು ಕಂಬಳಿ ಹೆಗಲಿಗೇರಿಸಿ, ಇಪ್ಪತ್ತು ಕುರಿಗಳನ್ನು ಮುಂದೆ ಬಿಟ್ಟುಕೊಂಡು ದಿಬ್ಬ ಹತ್ತಿದ. ಸಂಜೆ ನಾಲ್ಕರವರೆಗೆ ನಾವು ಇನ್ನೂ ಮೂರು ಜಾಲಿ ಕಿತ್ತೆವು.

ಸೋಮವಾರ ಎಂಟು ಗಂಟೆಗೆ ಅಣ್ಣ ನನ್ನನ್ನು ಬಸ್ಸಿಗೆ ಬಿಡಲು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಾನು ಬರೆದ ಆ ಹಾಳೆ ಅವನ ಜೇಬಿನಲ್ಲಿತ್ತು. ಎಲ್ಲಿಗೆ ಅಂತ ಕೇಳಿದೆ.

"ಮಾಳಪ್ಪನ ಮನಿಗೆ ಹೋಗಿ ಬರ್ತೇನಿ."

"ಹೋಗಿ ಏನಂತಿ?"

"ಗೊತ್ತಿಲ್ಲ. ಮೊದಲ ಹೋಗ್ತೇನಿ."

"ದೂರ ಏನು ಮನಿ? ಯಾವ ಓಣ್ಯಾಗ?"

ಅಣ್ಣ ಮುಖ ತಿರುಗಿಸಿದ. ಹನ್ನೆರಡು ವರ್ಷದಿಂದ ಬಲ್ಲ, ಒಂದೇ ಗುಡ್ಡದಲ್ಲಿ ವಾರವಾರ ಎದುರಾಗುತ್ತಿದ್ದ ಮನುಷ್ಯ. "ಅದೂ ಗೊತ್ತಿಲ್ಲ" ಅಂದ. ಅಷ್ಟರಲ್ಲಿ ಬಾದಾಮಿ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಿದಾಗ ನಮ್ಮಣ್ಣ ಚಹಾದಂಗಡಿಯ ಮುಂದೆ ನಿಂತು, ಮಾಳಪ್ಪನ ಮನೆ ಎಲ್ಲಿ ಅಂತ ಕೇಳುತ್ತಿದ್ದ.