ಹಲಸೂರು ಕೆರೆಯಲ್ಲಿ ನಿನ್ನನ್ನು ಎತ್ತಿದವನು

ಕಮಲಾ, ನಿನ್ನನ್ನು ಹಲಸೂರು ಕೆರೆಗೆ ಯಾರೂ ತಳ್ಳಲಿಲ್ಲ. ನೀನಾಗಿ ಜಾರಿ ಬಿದ್ದೆ. ನಾನು ನಿನ್ನ ಕೈ ಬಿಟ್ಟಿದ್ದರಿಂದ ಬಿದ್ದೆ. ನಮ್ಮ ಮನೆಯವರೆಲ್ಲ ಇಷ್ಟು ವರ್ಷ ಶಪಿಸಿದ ಆ ಕರಿ ಸೋಲ್ಜರು — ಅವನೇ ನಿನ್ನನ್ನು ಎತ್ತಿದವನು. ತಳ್ಳಿದ ಎಂದು ಹೇಳಿದವಳು ನಾನು. ನಿನ್ನ ಚಿಕ್ಕಮ್ಮ.

ಆಗ ಯುದ್ಧ ನಡೆಯುತ್ತಿತ್ತು. ನನಗೆ ಹದಿನೇಳು, ನಿನಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ನಮ್ಮ ಅಪ್ಪ ಅಮ್ಮ ಹೋದ ಮೇಲೆ ನಾನು ಜೋಗುಪಾಳ್ಯದಲ್ಲಿ ನಿಮ್ಮ ಮನೆಯಲ್ಲೇ ಇದ್ದೆ. ಅಕ್ಕ ಸಾಕಿದಳು. ಭಾವ ಎಂದೂ ಒಂದು ಮಾತು ಆಡಿದವರಲ್ಲ. ಆದರೂ ಉಣ್ಣುವ ಅನ್ನ ಅವರದು ಎಂಬುದು ನನಗೆ ಯಾವ ತುತ್ತಿನಲ್ಲೂ ಮರೆಯುತ್ತಿರಲಿಲ್ಲ.

ದಂಡು ಪ್ರದೇಶದ ತುಂಬ ಸೈನಿಕರಿದ್ದರು. ಬರ್ಮಾದಲ್ಲಿ ಗಾಯಗೊಂಡ ಆಫ್ರಿಕಾದವರು ಕೆಲವರು ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಸಂಜೆ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಕೆರೆಯ ದಂಡೆಗೆ ಬಂದು ಕೂರುತ್ತಿದ್ದರು. ಅವರನ್ನು ಕಂಡರೆ ನಮಗೆ ಭಯ. ಅವರು ನಮಗೇನು ಮಾಡಿದ್ದಾರೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ದೊಡ್ಡ ಅಂಗಡಿಯಲ್ಲಿ ಬಿಳಿಯ ಹೆಂಗಸೊಬ್ಬಳು ಬಂದಳೆಂದು ನಮ್ಮನ್ನು ಪಕ್ಕಕ್ಕೆ ಸರಿಸಿದರೆ ಮನೆಗೆ ಬಂದು ಕುದಿಯುತ್ತಿದ್ದವರೂ ನಾವೇ.

ಆ ಸಂಜೆ ನಿನ್ನನ್ನು ಕರೆದುಕೊಂಡು ಕೆರೆಗೆ ಹೋದೆ. ನನ್ನ ಗೆಳತಿ ಸ್ಟೆಲ್ಲಾ ಹೊಸ ಎತ್ತರ ಹಿಮ್ಮಡಿಯ ಬೂಟು ಹಾಕಿಕೊಂಡು ಬಂದಿದ್ದಳು. ಒಂದು ಸಲ ಕೊಡೇ ಎಂದು ಕಾಡಿ ಹಾಕಿಕೊಂಡೆ. ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಸೊಂಟಕ್ಕೆ ಕೈಕೊಟ್ಟು, ಮೂತಿ ಮೇಲೆತ್ತಿ ಅತ್ತಿಂದಿತ್ತ ನಡೆದೆ. ಸ್ಟೆಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಥೇಟ್ ದೊರೆಸಾನಿ ಕಣೇ ನೀನು!"

ನೀರಿನ ಸದ್ದಾಯಿತು. ತಿರುಗಿದೆ — ಮೆಟ್ಟಿಲು ಬರಿದಾಗಿತ್ತು.

ಓಡಲು ಹೋಗಿ ಆ ಬೂಟಿನಲ್ಲಿ ಮುಗ್ಗರಿಸಿ ಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ, ಕಮಲಾ, ಕಣ್ಣಾರೆ ನೋಡಿದೆ: ದೂರದ ಮರದ ಕೆಳಗೆ ಕೂತಿದ್ದವನೊಬ್ಬ ಎದ್ದು ಓಡಿ ಬಂದ. ಅವನ ಎಡಗೈ ಬಟ್ಟೆಯ ಜೋಲಿಯಲ್ಲಿತ್ತು. ಓಡುತ್ತಲೇ ಅದನ್ನು ಕಿತ್ತೆಸೆದು ನೀರಿಗೆ ಹಾರಿದ. ಎರಡು ಸಲ ಮುಳುಗಿದ. ಮೇಲೆ ಬಂದಾಗ ಒಂದೇ ಕೈಯಲ್ಲಿ ನಿನ್ನನ್ನು ನೀರಿನಿಂದ ಎತ್ತಿ ಹಿಡಿದಿದ್ದ. ನಿನ್ನ ತಲೆ ಜೋತು ಬಿದ್ದಿತ್ತು.

ನನ್ನ ಕಿರುಚಾಟಕ್ಕೆ ಜನ ಸೇರಿದರು. ಅವರಲ್ಲಿ ಭಾವನೂ ಇದ್ದರು, ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದರು. ನನ್ನ ಕಾಲಲ್ಲಿದ್ದ ಬೂಟು ನೋಡಿದರು. ನನ್ನ ಮುಖ ನೋಡಿದರು.

"ಮಗು ಹೆಂಗ್ ಬಿತ್ತೇ?"

ಅವನತ್ತ ಬೆರಳು ತೋರಿಸಿದೆ. ಉತ್ತರ ನನ್ನ ಬಾಯಲ್ಲಿ ಆಗಲೇ ಸಿದ್ಧವಿದ್ದಂತೆ ಬಂತು. "ಅವ್ನು... ಆ ಕರಿಯ ತಳ್ಬಿಟ್ಟ."

ಇಷ್ಟೇ. ಯಾರೂ ಅನುಮಾನಪಡಲಿಲ್ಲ. ತಳ್ಳಿದವನು ಮತ್ತೆ ನೀರಿಗೆ ಹಾರಿ ಏಕೆ ಎತ್ತಿದ ಎಂದು ಒಬ್ಬರಾದರೂ ಕೇಳಲಿಲ್ಲ.

ಮುಂದೆ ನಡೆದದ್ದನ್ನೂ ಕೇಳು. ಅವನು ನಿನ್ನನ್ನು ದಂಡೆಯ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತತೊಡಗಿದ್ದ. ಜನ ಕಲ್ಲು ಎಸೆದರು. ಭಾವ ಚಪ್ಪಲಿಯಲ್ಲಿ ಹೊಡೆದರು. ಅವನು ಏಳಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಕಲ್ಲು ನಿನಗೆ ತಗುಲದಂತೆ ನಿನ್ನ ಮೇಲೆ ಬಗ್ಗಿದ — ಅಷ್ಟು ದೊಡ್ಡ ಬೆನ್ನು ಒಂದು ಸೂರಿನ ಹಾಗೆ ನಿನ್ನನ್ನು ಮುಚ್ಚಿತು — ಆ ಸೂರಿನ ಕೆಳಗೆ ಒಂದೇ ಸಮನೆ ಒತ್ತುತ್ತಲೇ ಇದ್ದ. ಕಿವಿಯ ಪಕ್ಕದಿಂದ ರಕ್ತ ಇಳಿಯುತ್ತಿತ್ತು. ಎಡಗೈಯ ಗಾಯವೂ ಬಿಚ್ಚಿಕೊಂಡಿತ್ತು. ಓಡಿಹೋಗಬಹುದಿತ್ತು, ಅವನ ಕಾಲುಗಳಿಗೆ ಏನೂ ಆಗಿರಲಿಲ್ಲ. ಓಡಿದ್ದರೆ ನೀನು ಉಳಿಯುತ್ತಿರಲಿಲ್ಲ.

ನೀನು ನೀರು ಕಾರಿದೆ. ಜೋರಾಗಿ ಅತ್ತೆ.

ಆಗ ಅವನು ನಕ್ಕ. ಅಷ್ಟು ಜನ ಹೊಡೆಯುತ್ತಿರುವಾಗ, ಕಮಲಾ, ಮಗು ಅತ್ತಿತೆಂದು ಒಬ್ಬ ಮನುಷ್ಯ ನಕ್ಕ! ಅಂಥ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವನು ಗುಂಪಿನಲ್ಲಿ ಯಾರನ್ನೋ ಹುಡುಕಿ, ಎದ್ದು ನೇರ ನನ್ನ ಬಳಿ ಬಂದು, ನಿನ್ನನ್ನು ನನ್ನ ಮಡಿಲಲ್ಲಿಟ್ಟ. ನಾನು ಏನು ಹೇಳಿದೆನೆಂದು ಅವನಿಗೆ ತಿಳಿದಿರಲಿಲ್ಲವೇ? ಬೆರಳು ತೋರಿಸಿದ್ದನ್ನಂತೂ ನೋಡಿದ್ದ. ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದ. ಬೈಗುಳವಲ್ಲ — ದನಿಯಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಮಿಲಿಟರಿ ಪೊಲೀಸರು ಬಂದು ಅವನನ್ನು ಎಳೆದುಕೊಂಡು ಹೋದರು.

ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಎನ್ನೋಣವೇ? ಮರುದಿನ ನಾನು ಹೆದರಿರಲಿಲ್ಲ. ಒಬ್ಬ ಬಿಳಿಯ ಆಫೀಸರು ದುಭಾಷಿಯ ಜೊತೆ ಮನೆಗೆ ಬಂದ. ಅಕ್ಕ ನಿನ್ನನ್ನು ಅಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಆ ಸೋಲ್ಜರ್ ಮಗೂನ ತಳ್ಳಿದ್ದು ನೀನೇ ನೋಡಿದ್ಯಾಮ್ಮಾ?" ದುಭಾಷಿ ಕೇಳಿದ. "ಯೋಚ್ನೆ ಮಾಡಿ ಹೇಳು."

ಯೋಚನೆ ಮಾಡಿಯೇ ಹೇಳಿದೆ. "ನೋಡ್ದೆ."

ಆಫೀಸರು ತಲೆಯಾಡಿಸಿ ಎದ್ದುಬಿಟ್ಟ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಬಿಳಿಯನೊಬ್ಬ ನನ್ನ ಮಾತನ್ನು ನಂಬಿದ್ದು ಅದೇ ಮೊದಲು. ನನ್ನನ್ನು ನಂಬಿದ್ದಲ್ಲ ಅದು — ಆ ಕರಿ ಸೈನಿಕನ ಬಗ್ಗೆ ಏನು ಹೇಳಿದರೂ ನಂಬಲು ಆ ಆಫೀಸರೂ ಮೊದಲೇ ಸಿದ್ಧನಿದ್ದ, ನಮ್ಮ ಹಾಗೆಯೇ. ಆ ಒಂದು ಗಳಿಗೆ ಅವನೂ ನಾವೂ ಒಂದೇ ಜಾತಿಯವರಾಗಿದ್ದೆವು. ನಾಚಿಕೆಯ ಮಾತು: ನನಗೆ ಆಗ ಒಂದು ಬಗೆಯ ಹೆಮ್ಮೆಯಾಯಿತು.

ಆ ಸೈನಿಕನಿಗೆ ಏನಾಯಿತೋ ನನಗೆ ಗೊತ್ತಿಲ್ಲ. ಕೇಳಿದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಅವನ ಹೆಸರನ್ನೂ ಕೇಳಲಿಲ್ಲ.

ಸುಳ್ಳು ಮನೆಯಲ್ಲಿ ಬೆಳೆಯಿತು. ನೀನು ಊಟ ಮಾಡದಿದ್ದರೆ ಕರಿ ಸೋಲ್ಜರು ಬರುತ್ತಾನೆ ಎನ್ನುತ್ತಿದ್ದಳು ಅಕ್ಕ. ನೀನು ನಿನ್ನ ಮಕ್ಕಳಿಗೂ ಅದನ್ನೇ ಹೇಳಿದೆ. ಪ್ರತಿ ಸಲ ನಾನು ಅಲ್ಲೇ ಇದ್ದೆ. ಭಾವ ಹೋದ ಮೇಲೆ ಹೇಳೋಣ ಎಂದುಕೊಂಡೆ, ಹೋದರು. ಅಕ್ಕ ಹೋದ ಮೇಲೆ... ಅಕ್ಕನೂ ಹೋದಳು. ಆಮೇಲೆ ನನಗೆ ನೆವಗಳೂ ಉಳಿಯಲಿಲ್ಲ, ಬರೀ ಸುಮ್ಮನಿದ್ದೆ.

ಹೋದ ವಾರ ರಾಮಮೂರ್ತಿ ನಗರದ ನಿನ್ನ ಮಹಡಿ ಮನೆ ಬಾಡಿಗೆಗೆ ಕೇಳಿಕೊಂಡು ಆಫ್ರಿಕಾದ ಆ ವಿದ್ಯಾರ್ಥಿ ಬಂದ. ನೀನು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ: "ಕೊಡಲ್ಲಪ್ಪ. ನಿಮ್ಮೋರು ಒಬ್ರು ನನ್ನನ್ನ ಸಾಯ್ಸೋಕೆ ಹೋಗಿದ್ರು, ಚಿಕ್ಕವಳಿದ್ದಾಗ." ಅವನು ಪೂರ್ತಿ ಕೇಳಿಸಿಕೊಂಡ. ಸಿಟ್ಟಾಗಲಿಲ್ಲ. "ಸಾರಿ, ಅಮ್ಮಾ," ಎಂದ. ಯಾರೂ ಮಾಡದ ತಪ್ಪಿಗೆ ಕ್ಷಮೆ ಕೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನಾನು ಹಿಂದೆಯೇ ಕುರ್ಚಿಯಲ್ಲಿ ಕೂತಿದ್ದೆ.

ಕಾಲ ಹಾಗಿತ್ತು, ಜನ ಹಾಗಿದ್ದರು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇರಬಹುದು. ಆದರೆ ಕಾಲ ಬಂದು ಬೆರಳು ತೋರಿಸಲಿಲ್ಲ, ಕಮಲಾ. ತೋರಿಸಿದ್ದು ಈ ಬೆರಳು.

ನೀನು ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದವಳು ನೀನೊಬ್ಬಳೇ ಅಲ್ಲ, ನಾನು ಹೆಸರು ಕೇಳದೆ ಕಳೆದುಕೊಂಡ ಆ ಮನುಷ್ಯನೂ. ಭಾನುವಾರ ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಬಂದಾಗ ಇದನ್ನು ಅವರೆದುರು ನಾನೇ ಹೇಳುತ್ತೇನೆ, ನೀನು ತಡೆದರೂ. ಅದಕ್ಕೂ ಮೊದಲು ಆ ಹುಡುಗನನ್ನು ಹುಡುಕಿಕೊಂಡು ಹೋಗುತ್ತೇನೆ. ಬಸ್ ಸ್ಟಾಪಿನ ಹಿಂದಿನ ಬೀದಿಯಲ್ಲಿ ಸ್ನೇಹಿತರ ಜೊತೆ ಇದ್ದಾನಂತೆ. ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರೆ, ಹಾಕಿಕೊಳ್ಳಲಿ. ಹೊರಗೆ ನಿಂತೇ ಹೇಳಿ ಬರುತ್ತೇನೆ.